ಸೈನಿಕನ ಸೇವಾದಾಖಲೆಯೂ ಅದರ ತಿದ್ದುಪಡಿಯೂ: ಬ್ರೌನ್ಸ್‌ವಿಲ್ ಪ್ರಕರಣದ ವಿಮರ್ಶೆ

೧

ಓಲೆಗರಿಯ ಗ್ರಂಥಗಳನ್ನು ಪರಿಶೋಧಿಸುವವರಿಗೆ ಲಿಪಿಕಾರನ ದೋಷವೆಂಬುದು ಹೊಸ ಸಂಗತಿಯಲ್ಲ. ಅಕ್ಷರ ಬಿದ್ದುಹೋಗುವುದು, ಪಂಕ್ತಿ ಮರುಕಳಿಸುವುದು, ಅರ್ಥವಾಗದ ಶಬ್ದದ ಸ್ಥಾನದಲ್ಲಿ ಅರ್ಥವಾಗುವ ಬೇರೊಂದು ಶಬ್ದ ಬಂದು ಕುಳಿತುಕೊಳ್ಳುವುದು, ಇವೆಲ್ಲವೂ ಪ್ರತಿದಿನದ ಅನುಭವ. ಇಂಥ ದೋಷದಿಂದ ಕಾವ್ಯಕ್ಕೆ ಹಾನಿಯಾದರೂ ಕವಿಯು ಆ ಹಾನಿಯನ್ನು ಅನುಭವಿಸಲು ಬದುಕಿರುವುದಿಲ್ಲ. ಸರ್ಕಾರದ ದಫ್ತರದಲ್ಲಿ ಬದುಕಿರುವ ಮನುಷ್ಯನನ್ನು ಕುರಿತು ಬರೆದಿಟ್ಟ ಬರೆಹದ ವಿಷಯ ಹಾಗಲ್ಲ. ಅಲ್ಲಿ ಒಂದು ಶಬ್ದ ತಪ್ಪಿದರೆ ಒಬ್ಬನ ಜೀವನವೇ ತಪ್ಪುದಾರಿಗೆ ಬೀಳಬಹುದು. ದಂಡಿನಿಂದ ಬಿಡುಗಡೆ ಹೊಂದಿದ ಸಿಪಾಯಿಯ ಸೇವಾದಾಖಲೆಯು ಇದಕ್ಕೆ ಉತ್ತಮ ನಿದರ್ಶನ. ಅವನಿಗೆ ಪಿಂಚಣಿ ಸಲ್ಲುವುದೂ, ಆಸ್ಪತ್ರೆಯ ನೆರವು ದೊರೆಯುವುದೂ, ಉದ್ಯೋಗ ಸಿಕ್ಕುವುದೂ, ಕಡೆಗೆ ಸತ್ತಾಗ ಸೈನಿಕ ಗೌರವದೊಡನೆ ಮಣ್ಣಾಗುವುದೂ ಆ ದಾಖಲೆಯ ಒಂದೆರಡು ಶಬ್ದಗಳನ್ನು ಅವಲಂಬಿಸಿರುತ್ತವೆ.

ಹೀಗೆ ಬರೆದಿಟ್ಟುದು ತಪ್ಪೆಂದು ಕಂಡುಬಂದರೆ ಅದನ್ನು ತಿದ್ದುವವರು ಯಾರು? ತಿದ್ದುವುದಕ್ಕೆ ಯಾವ ಪ್ರಮಾಣ ಬೇಕು? ತಿದ್ದಿದ ಮಾತ್ರಕ್ಕೆ ಹಿಂದೆ ಆದ ಅನ್ಯಾಯವು ತೀರುವುದೋ? ಈ ಪ್ರಶ್ನೆಗಳಿಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸೈನ್ಯದ ಇತಿಹಾಸದಲ್ಲಿ ಬಗೆಬಗೆಯ ಉತ್ತರಗಳು ದೊರೆಯುತ್ತವೆ. ಅವುಗಳಲ್ಲಿ ೧೯೦೬ರಲ್ಲಿ ಆರಂಭವಾಗಿ ೧೯೭೨ರಲ್ಲಿ ತಿದ್ದುಪಡಿ ಪಡೆದ ಬ್ರೌನ್ಸ್‌ವಿಲ್ ಪ್ರಕರಣವು ವಿಚಾರಕ್ಕೆ ಬಹು ಯೋಗ್ಯವಾದುದು.

೨

ಇಪ್ಪತ್ತೈದನೆಯ ಪದಾತಿ ರೆಜಿಮೆಂಟು ಕಪ್ಪು ಜನರಿಂದ ಕೂಡಿದ ದಂಡು. ಅದರ ಅಧಿಕಾರಿಗಳು ಬಿಳಿಯರು. ಅದರ ಮೊದಲನೆಯ ಪಟಾಲಮಿನ ಮೂರು ಕಂಪೆನಿಗಳು ೧೯೦೬ನೆಯ ಇಸವಿ ಜುಲೈ ತಿಂಗಳ ಕಡೆಯಲ್ಲಿ ನೆಬ್ರಾಸ್ಕದ ನಯೋಬ್ರಾರ ಕೋಟೆಯಿಂದ ಟೆಕ್ಸಾಸ್ ಪ್ರಾಂತದ ದಕ್ಷಿಣದ ಅಂಚಿನಲ್ಲಿರುವ ಬ್ರೌನ್ಸ್‌ವಿಲ್ ಪಟ್ಟಣದ ಪಕ್ಕದ ಬ್ರೌನ್ ಕೋಟೆಗೆ ಬಂದಿಳಿದುವು. ಪಟ್ಟಣದವರಿಗೆ ಈ ದಂಡಿನ ಬರವು ಇಷ್ಟವಿರಲಿಲ್ಲ. ಬೀದಿಯಲ್ಲಿ ಸಿಪಾಯಿಗಳಿಗೂ ಊರವರಿಗೂ ಸಣ್ಣಪುಟ್ಟ ಜಗಳಗಳಾದುವು. ಆಗಸ್ಟ್ ೧೨ರಂದು ಬಿಳಿಯ ಹೆಂಗಸೊಬ್ಬಳ ಮೇಲೆ ಸಿಪಾಯಿಯೊಬ್ಬನು ಕೈಮಾಡಿದನೆಂಬ ಸುದ್ದಿ ಹಬ್ಬಿತು. ಆದುದರಿಂದ ದಳಪತಿಯಾದ ಮೇಜರ್ ಪೆನ್ರೋಸನು ಮರುದಿನ ಸಂಜೆ ಸಿಪಾಯಿಗಳೆಲ್ಲರೂ ಬೇಗನೆ ಕೋಟೆಗೆ ಹಿಂದಿರುಗಬೇಕೆಂದು ಆಜ್ಞೆ ಮಾಡಿದನು.

ಆಗಸ್ಟ್ ೧೩ರ ನಡುರಾತ್ರಿಯ ಸುಮಾರಿಗೆ ಕೋಟೆಗೆ ಹೊಂದಿಕೊಂಡ ಬೀದಿಗಳಲ್ಲಿ ಗುಂಡಿನ ಸುರಿಮಳೆಯಾಯಿತು. ಪಾನಗೃಹದ ನೌಕರನೊಬ್ಬನು ಸತ್ತನು; ಪೊಲೀಸು ಅಧಿಕಾರಿಯೊಬ್ಬನು ಗಾಯಗೊಂಡು ತೋಳನ್ನು ಕಳೆದುಕೊಂಡನು. ಗುಂಡು ಹಾರಿಸಿದವರು ಕಪ್ಪು ಸಿಪಾಯಿಗಳೇ ಎಂದು ಊರವರು ಹೇಳಿದರು. ಬೀದಿಯಲ್ಲಿ ದಂಡಿನ ಬಂದೂಕುಗಳ ಖಾಲಿ ತೋಟಾಗಳು ಸಿಕ್ಕಿದುವು. ಇತ್ತ ಕೋಟೆಯಲ್ಲಿ ಸದ್ದು ಕೇಳಿದೊಡನೆ ತುತ್ತೂರಿಯೂದಿ ಹಾಜರಿ ತೆಗೆದುಕೊಂಡಿದ್ದರು. ಬೆಳಗಾದ ಮೇಲೆ ಬಂದೂಕುಗಳನ್ನು ಪರೀಕ್ಷಿಸಿದಾಗ ಅವು ಶುಚಿಯಾಗಿಯೇ ಇದ್ದುವು. ಸಿಪಾಯಿಗಳಲ್ಲಿ ಒಬ್ಬನಾದರೂ ತಾನು ಮಾಡಿದೆನೆಂದಾಗಲಿ, ಮಾಡಿದವರನ್ನು ಬಲ್ಲೆನೆಂದಾಗಲಿ ಹೇಳಲಿಲ್ಲ. ಆ ಜಿಲ್ಲೆಯ ಮಹಾಪಂಚಾಯತರು ಸಾಕ್ಷ್ಯವನ್ನು ವಿಚಾರಿಸಿ ಯಾರ ಮೇಲೂ ಆಪಾದನೆಯನ್ನು ಹೊರಿಸಲಾರದೆ ಹೋದರು.

ಇಷ್ಟರಲ್ಲಿ ಪಟಾಲಮನ್ನು ಓಕ್ಲಹೋಮ ಸೀಮೆಯ ರೀನೋ ಕೋಟೆಗೆ ಸಾಗಿಸಲಾಗಿತ್ತು. ಸೈನ್ಯದ ಮುಖ್ಯ ಪರೀಕ್ಷಕನಾದ ಗಾರ್ಲಿಂಗ್‌ಟನ್ನನು ಅಲ್ಲಿಗೆ ಹೋಗಿ, ತಪ್ಪಿತಸ್ಥರ ಹೆಸರನ್ನು ಹೇಳದಿದ್ದರೆ ಎಲ್ಲರೂ ವಜಾ ಆಗುವರೆಂದು ಎಚ್ಚರಿಕೆ ಕೊಟ್ಟನು. ಆದರೂ ಯಾರೂ ಬಾಯಿಬಿಡಲಿಲ್ಲ. ಹೇಳುವುದಕ್ಕೆ ಏನೂ ಇಲ್ಲದವನ ಮೌನವೂ, ಮುಚ್ಚಿಡುವವನ ಮೌನವೂ ಹೊರಗಿನಿಂದ ನೋಡುವವನಿಗೆ ಒಂದೇ ತೆರನಾಗಿ ಕಾಣುತ್ತವೆ. ಪರೀಕ್ಷಕನು ಅದನ್ನು ಒಳಸಂಚಿನ ಮೌನವೆಂದೇ ನಿರ್ಣಯಿಸಿದನು. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟನು ಆ ನಿರ್ಣಯವನ್ನು ಒಪ್ಪಿ, ೧೯೦೬ನೆಯ ನವೆಂಬರ್ ೫ರ ಆಜ್ಞೆಯಿಂದ ೧೬೭ ಮಂದಿಯನ್ನು ‘ಗೌರವರಹಿತ’ವಾಗಿ ಬಿಡುಗಡೆ ಮಾಡಿದನು. ಮರುದಿನ ದೇಶದಲ್ಲಿ ಕಾಂಗ್ರೆಸ್ಸಿನ ಚುನಾವಣೆ; ಆಜ್ಞೆಯು ಪ್ರಕಟವಾದುದು ಅದು ಮುಗಿದ ಮೇಲೆ. ಇವರು ಮತ್ತೆ ಸೈನ್ಯವನ್ನಾಗಲಿ, ನೌಕಾಬಲವನ್ನಾಗಲಿ, ಸರ್ಕಾರದ ಬೇರೆ ಉದ್ಯೋಗವನ್ನಾಗಲಿ ಸೇರಕೂಡದೆಂದು ವಿಧಿಸಲಾಯಿತು. ಇವುಗಳಲ್ಲಿ ಕಡೆಯ ನಿಷೇಧವನ್ನು ಮಾತ್ರ ಅಧ್ಯಕ್ಷನು ೧೯೦೭ನೆಯ ಜನವರಿಯಲ್ಲಿ ಹಿಂದಕ್ಕೆ ತೆಗೆದುಕೊಂಡನು.

೩

ಈ ಆಜ್ಞೆಯ ಸ್ವರೂಪವನ್ನು ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕು. ಸೈನಿಕ ನ್ಯಾಯಾಲಯವು ಇವರಲ್ಲಿ ಒಬ್ಬನನ್ನೂ ವಿಚಾರಿಸಲಿಲ್ಲ. ಅವಧಿಗೆ ಮೊದಲೇ ಸಿಪಾಯಿಯನ್ನು ಬಿಡುಗಡೆ ಮಾಡುವ ಅಧಿಕಾರವು ಅಧ್ಯಕ್ಷನಿಗೆ ಇದ್ದುದರಿಂದ, ಇದು ಶಿಕ್ಷೆಯೇ ಅಲ್ಲ, ಆಡಳಿತದ ಒಂದು ಕ್ರಮ ಮಾತ್ರ ಎಂಬುದು ಸರ್ಕಾರದ ವಾದವಾಗಿತ್ತು. ಆದರೆ ಅದೇ ಪಟಾಲಮಿನ ದಳಪತಿ ಪೆನ್ರೋಸನನ್ನೂ ಆ ದಿನದ ಕಾವಲಿನ ಅಧಿಕಾರಿಯಾದ ಕ್ಯಾಪ್ಟನ್ ಮ್ಯಾಕ್ಲಿನ್ನನನ್ನೂ ಸೈನಿಕ ನ್ಯಾಯಾಲಯವು ವಿಧಿವತ್ತಾಗಿ ವಿಚಾರಿಸಿ ಇಬ್ಬರನ್ನೂ ನಿರ್ದೋಷಿಗಳೆಂದು ಬಿಟ್ಟಿತು. ವಿಚಾರಣೆ ದೊರೆತವರು ಗೆದ್ದರು, ದೊರೆಯದವರು ಕೆಟ್ಟರು. ಅಧಿಕಾರಿಗೆ ಸಲ್ಲುವ ನ್ಯಾಯವು ಸಿಪಾಯಿಗೆ ಸಲ್ಲಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಮಿಂಗೊ ಸ್ಯಾಂಡರ್ಸ್ ಎಂಬ ಸಾರ್ಜೆಂಟನು ಇಪ್ಪತ್ತಾರು ವರ್ಷ ಸೇವೆ ಮಾಡಿದವನು. ಕ್ಯೂಬದಲ್ಲಿಯೂ ಫಿಲಿಪೈನ್ ದ್ವೀಪಗಳಲ್ಲಿಯೂ ಕಾದಿದವನು. ೧೮೯೮ರ ಕ್ಯೂಬದ ಯುದ್ಧದಲ್ಲಿ ರೂಸ್‌ವೆಲ್ಟನ ಸವಾರರಿಗೆ ಇವನ ಕಂಪೆನಿಯವರು ತಮ್ಮ ಒಣರೊಟ್ಟಿಯನ್ನು ಹಂಚಿಕೊಟ್ಟಿದ್ದರು. ಅದೇ ರೂಸ್‌ವೆಲ್ಟನ ರುಜುವಿನಿಂದ ಅವನ ಅಷ್ಟು ವರ್ಷಗಳ ಸೇವೆಯ ಕೆಳಗೆ ಗೌರವರಹಿತವೆಂಬ ಶಬ್ದ ಬಿತ್ತು. ಕೈಗೆ ಬರಲಿದ್ದ ಪಿಂಚಣಿಯು ತಪ್ಪಿಹೋಯಿತು.

ಒಹಾಯೋ ಪ್ರಾಂತದ ಸೆನೆಟರನಾದ ಜೋಸೆಫ್ ಫೊರೇಕರನು ಅಧ್ಯಕ್ಷನ ಪಕ್ಷದವನೇ ಆಗಿದ್ದರೂ ಈ ಆಜ್ಞೆಯನ್ನು ಪ್ರತಿಭಟಿಸಿದನು. ೧೯೦೭-೦೮ರಲ್ಲಿ ಸೆನೆಟ್ಟಿನ ಸೈನಿಕ ಸಮಿತಿಯು ನಡೆಸಿದ ವಿಚಾರಣೆಯಲ್ಲಿ ಅವನು ಮುಖ್ಯವಾಗಿ ಎರಡು ಅಂಶಗಳನ್ನು ಎತ್ತಿ ತೋರಿಸಿದನು. ಕತ್ತಲೆಯ ರಾತ್ರಿಯಲ್ಲಿ ಅಷ್ಟು ದೂರದಿಂದ ನೋಡಿದವರು ಗುಂಡು ಹಾರಿಸಿದವರ ಮೈಬಣ್ಣವನ್ನೂ ಉಡುಪನ್ನೂ ಗುರುತಿಸಿದೆವೆನ್ನುವುದು ನಂಬತಕ್ಕ ಮಾತಲ್ಲ ಎಂಬುದು ಒಂದು. ಬೀದಿಯಲ್ಲಿ ಸಿಕ್ಕಿದ ಖಾಲಿ ತೋಟಾಗಳು ನಯೋಬ್ರಾರ ಕೋಟೆಯ ಗುರಿಯಭ್ಯಾಸದಲ್ಲಿ ಮೊದಲೇ ಹಾರಿಸಿದವಾಗಿದ್ದು, ಪೆಟ್ಟಿಗೆಯಲ್ಲಿ ತುಂಬಿ ತಂದವುಗಳಿಂದ ಯಾರೋ ತೆಗೆದು ಚೆಲ್ಲಿರಬಹುದು ಎಂಬುದು ಮತ್ತೊಂದು. ಸಮಿತಿಯ ಬಹುಮತವು ಅಧ್ಯಕ್ಷನನ್ನೇ ಎತ್ತಿಹಿಡಿಯಿತು. ಫೊರೇಕರನು ೧೯೦೯ರಲ್ಲಿ ಸೆನೆಟ್ಟನ್ನು ಬಿಡಬೇಕಾಯಿತು. ಆ ಮೇಲೆ ನೇಮಕವಾದ ವಿಚಾರಣಾಮಂಡಲಿಯೊಂದು ೧೯೧೦ರಲ್ಲಿ ಹದಿನಾಲ್ಕು ಮಂದಿಯನ್ನು ಮಾತ್ರ ಮತ್ತೆ ಸೈನ್ಯಕ್ಕೆ ಸೇರಲು ಅರ್ಹರೆಂದು ಆರಿಸಿತು. ಇವರನ್ನು ಏಕೆ ಆರಿಸಿತು, ಉಳಿದ ನೂರೈವತ್ತಮೂರು ಮಂದಿಯನ್ನು ಏಕೆ ಬಿಟ್ಟಿತು ಎಂಬುದಕ್ಕೆ ಅದು ಕಾರಣ ಕೊಡಲಿಲ್ಲ. ದಾಖಲೆಯು ಅಲ್ಲಿಗೆ ಮುಚ್ಚಿತು.

೪

ಆ ಕಾಲದಲ್ಲಿ ಸಿಪಾಯಿಯು ತನ್ನ ದಾಖಲೆಯನ್ನು ತಿದ್ದಿಸಿಕೊಳ್ಳಬೇಕಾದರೆ ಕಾಂಗ್ರೆಸ್ಸಿನ ಸದಸ್ಯನೊಬ್ಬನನ್ನು ಹಿಡಿದು, ತನ್ನೊಬ್ಬನ ಸಲುವಾಗಿಯೇ ಪ್ರತ್ಯೇಕವಾದ ಮಸೂದೆಯನ್ನು ಮಂಡಿಸಿ ಅಂಗೀಕರಿಸುವಂತೆ ಮಾಡಬೇಕಾಗಿತ್ತು. ಇದು ಎಷ್ಟು ದುಸ್ಸಾಧ್ಯವೆಂಬುದಕ್ಕೆ ಹೆನ್ರಿ ಫ್ಲಿಪ್ಪರನ ಚರಿತ್ರೆಯೇ ಸಾಕ್ಷಿ. ೧೮೫೬ರಲ್ಲಿ ಜಾರ್ಜಿಯದಲ್ಲಿ ಗುಲಾಮನಾಗಿ ಹುಟ್ಟಿದ ಈತನು ೧೮೭೭ರಲ್ಲಿ ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದಲ್ಲಿ ತೇರ್ಗಡೆಯಾದ ಮೊದಲನೆಯ ಕಪ್ಪು ಜನಾಂಗದವನು. ೧೮೮೧ರಲ್ಲಿ ಟೆಕ್ಸಾಸಿನ ಡೇವಿಸ್ ಕೋಟೆಯಲ್ಲಿ ಇವನ ವಶದಲ್ಲಿದ್ದ ಉಗ್ರಾಣದ ಹಣದ ಲೆಕ್ಕದಲ್ಲಿ ಕೊರತೆ ಕಂಡುಬಂದಿತು. ಸೈನಿಕ ನ್ಯಾಯಾಲಯವು ಹಣ ಅಪಹರಿಸಿದ ಆಪಾದನೆಯಿಂದ ಇವನನ್ನು ಬಿಡುಗಡೆ ಮಾಡಿ, ಅಧಿಕಾರಿಗೆ ತಕ್ಕುದಲ್ಲದ ನಡತೆಯ ಆಪಾದನೆಯ ಮೇಲೆ ಮಾತ್ರ ಅಪರಾಧಿಯೆಂದಿತು. ೧೮೮೨ರಲ್ಲಿ ಇವನು ವಜಾ ಆದನು. ೧೮೯೮ರಿಂದ ಮುಂದೆ ಇವನ ಪರವಾಗಿ ಹಲವು ಮಸೂದೆಗಳು ಬಂದುವು, ಒಂದೂ ಗೆಲ್ಲಲಿಲ್ಲ. ಗಣಿಗಳ ಎಂಜಿನಿಯರನಾಗಿ ಹೆಸರು ಪಡೆದು ಫ್ಲಿಪ್ಪರನು ೧೯೪೦ರಲ್ಲಿ ತೀರಿಕೊಂಡನು.

ಎರಡನೆಯ ಮಹಾಯುದ್ಧವು ಈ ಪ್ರಶ್ನೆಯನ್ನು ಲಕ್ಷಾಂತರ ಮನೆಗಳ ಬಾಗಿಲಿಗೆ ತಂದಿತು. ಆಗ ಸೈನ್ಯದಲ್ಲಿ ‘ನೀಲಿ ಬಿಡುಗಡೆ’ಯೆಂಬುದೊಂದು ರೂಢಿಯಲ್ಲಿತ್ತು. ನೀಲಿಯ ಕಾಗದದ ಮೇಲೆ ಅಚ್ಚಾದ ಈ ಪತ್ರವು ಗೌರವಯುತವೆಂದೂ ಹೇಳುತ್ತಿರಲಿಲ್ಲ, ಅಗೌರವದ್ದೆಂದೂ ಹೇಳುತ್ತಿರಲಿಲ್ಲ. ಆದರೆ ಅದನ್ನು ಹಿಡಿದು ಬಂದವನಿಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ಯುದ್ಧದಿಂದ ಮರಳಿದವರಿಗೆ ಸಲ್ಲುವ ಸೌಲಭ್ಯಗಳೂ ಬಹುಮಟ್ಟಿಗೆ ತಪ್ಪುತ್ತಿದ್ದುವು. ೧೯೪೧ರ ಡಿಸೆಂಬರಿನಿಂದ ೧೯೪೫ರ ಜೂನ್‌ವರೆಗೆ ಇಂಥ ೪೮,೦೦೦ಕ್ಕೂ ಮಿಕ್ಕಿದ ಪತ್ರಗಳನ್ನು ಕೊಡಲಾಯಿತು. ಸೈನ್ಯದಲ್ಲಿ ಕಪ್ಪು ಜನರ ಸಂಖ್ಯೆ ನೂರಕ್ಕೆ ಹತ್ತನ್ನು ಮುಟ್ಟದಿದ್ದರೂ, ಈ ಪತ್ರಗಳಲ್ಲಿ ನೂರಕ್ಕೆ ಸುಮಾರು ಇಪ್ಪತ್ತೆರಡು ಅವರ ಪಾಲಿಗೆ ಬಂದುವು.

೧೯೪೪ನೆಯ ಜೂನ್ ೨೨ರ ಕಾಯಿದೆಯು ಬಿಡುಗಡೆಯ ಸ್ವರೂಪವನ್ನು ಪುನರ್ವಿಮರ್ಶೆ ಮಾಡುವ ಮಂಡಲಿಗಳನ್ನು ಏರ್ಪಡಿಸಿತು. ಆದರೆ ಮಹಾ ಸೈನಿಕ ನ್ಯಾಯಾಲಯವು ವಿಧಿಸಿದ ಬಿಡುಗಡೆಯನ್ನು ಮುಟ್ಟುವ ಅಧಿಕಾರ ಅವಕ್ಕಿರಲಿಲ್ಲ. ೧೯೪೬ನೆಯ ಆಗಸ್ಟ್ ೨ರ ಕಾಯಿದೆಯು ಇನ್ನೂ ಮುಂದಕ್ಕೆ ಹೋಯಿತು. ಸೈನಿಕ ದಾಖಲೆಯ ತಿದ್ದುಪಡಿಗಾಗಿ ಕಾಂಗ್ರೆಸ್ಸಿನಲ್ಲಿ ಪ್ರತ್ಯೇಕ ಮಸೂದೆಗಳನ್ನು ತರುವುದನ್ನು ಅದು ನಿಷೇಧಿಸಿ, ಆ ಅಧಿಕಾರವನ್ನು ಇಲಾಖೆಯ ಕಾರ್ಯದರ್ಶಿಗಳಿಗೆ ವಹಿಸಿತು. ಅವರು ಸೈನಿಕರಲ್ಲದ ನೌಕರರಿಂದ ಕೂಡಿದ ಮಂಡಲಿಗಳ ಮೂಲಕ ದಾಖಲೆಯಲ್ಲಿನ ‘ತಪ್ಪನ್ನು ತಿದ್ದಬಹುದು’, ಇಲ್ಲವೆ ‘ಅನ್ಯಾಯವನ್ನು ತೆಗೆದುಹಾಕಬಹುದು’. ತಪ್ಪು, ಅನ್ಯಾಯ ಎಂಬ ಎರಡು ಶಬ್ದಗಳನ್ನು ಬೇರೆಬೇರೆಯಾಗಿ ಇಟ್ಟಿರುವುದರಲ್ಲಿಯೇ ಈ ಕಾಯಿದೆಯ ಸಾರವಿದೆ. ಹುಟ್ಟಿದ ದಿನಾಂಕ ಬದಲಾಗಿರುವುದು, ಪಡೆದ ಪದಕದ ಹೆಸರು ಬಿಟ್ಟುಹೋಗಿರುವುದು, ಇವು ತಪ್ಪುಗಳು. ಶಾಸ್ತ್ರಕ್ಕೆ ಒಪ್ಪುವಂತೆ ಬರೆದಿದ್ದರೂ ಧರ್ಮಕ್ಕೆ ಒಪ್ಪದಂತೆ ಬರೆದುದು ಅನ್ಯಾಯ. ಮೊದಲನೆಯದು ಲಿಪಿಕಾರನ ದೋಷವಾದರೆ ಎರಡನೆಯದು ಬರೆಯಿಸಿದವನ ದೋಷ.

ಈಗ ನಡೆಯುತ್ತಿರುವ ಪದ್ಧತಿಯ ಮೂಲವೂ ಇದೇ. ಅರ್ಜಿದಾರನು ೧೪೯ನೆಯ ಸಂಖ್ಯೆಯ ನಮೂನೆಯನ್ನು ತುಂಬಿ, ತಪ್ಪು ಯಾವುದು, ಅದು ಹೇಗೆ ತಪ್ಪು, ಅದಕ್ಕೆ ರುಜುವಾತೇನು ಎಂಬುದನ್ನು ತಿಳಿಸಬೇಕು. ತಪ್ಪು ತಿಳಿದ ಮೂರು ವರ್ಷದೊಳಗೆ ಅರ್ಜಿ ಬರಬೇಕೆಂದು ನಿಯಮವಿದ್ದರೂ, ನ್ಯಾಯದ ದೃಷ್ಟಿಯಿಂದ ಮಂಡಲಿಯು ಅದನ್ನು ಸಡಿಲಿಸಬಹುದು. ಅರ್ಜಿದಾರನು ಸತ್ತಿದ್ದರೆ ಅವನ ವಾರಸುದಾರರೂ ಅರ್ಜಿ ಹಾಕಬಹುದು. ಆದರೆ ರುಜುವಾತಿನ ಹೊಣೆಯೆಲ್ಲ ಅರ್ಜಿದಾರನದೇ. ಸರ್ಕಾರದ ಬರೆಹವು ಕ್ರಮವಾಗಿಯೇ ಆದುದೆಂಬ ಊಹೆಯಿಂದ ಮಂಡಲಿಯು ಹೊರಡುತ್ತದೆ.

ಈ ಮಂಡಲಿಯ ಮುಂದೆ ೧೯೭೬ರಲ್ಲಿ ಫ್ಲಿಪ್ಪರನ ಅರ್ಜಿಯು ಬಂದಿತು. ಅವನ ವಂಶದವರೂ ಜಾರ್ಜಿಯದ ಶಾಲಾ ಉಪಾಧ್ಯಾಯನೊಬ್ಬನೂ ಅದಕ್ಕಾಗಿ ಶ್ರಮಪಟ್ಟಿದ್ದರು. ನ್ಯಾಯಾಲಯದ ತೀರ್ಪನ್ನು ರದ್ದುಮಾಡಲು ತನಗೆ ಅಧಿಕಾರವಿಲ್ಲವೆಂದೂ, ಆದರೆ ಶಿಕ್ಷೆಯು ಮಿತಿಮೀರಿದ್ದಿತೆಂದೂ ಮಂಡಲಿಯು ಅಭಿಪ್ರಾಯಪಟ್ಟು ಅವನ ವಜಾವನ್ನು ಗೌರವಯುತ ಬಿಡುಗಡೆಯಾಗಿ ಮಾರ್ಪಡಿಸಿತು. ಉಳಿದ ತೀರ್ಪಿಗೆ ೧೯೯೯ನೆಯ ಫೆಬ್ರವರಿ ೧೯ರಂದು ಅಧ್ಯಕ್ಷ ಕ್ಲಿಂಟನನು ಕ್ಷಮಾಪಣೆಯನ್ನು ದಯಪಾಲಿಸಿದನು. ತಿದ್ದುಪಡಿಗೂ ಕ್ಷಮೆಗೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗುತ್ತದೆ. ‘ನೀನು ಮಾಡಿದುದನ್ನು ಮನ್ನಿಸಿದೆವು’ ಎನ್ನುವುದು ಕ್ಷಮೆ. ‘ನಾವು ಬರೆದುದು ಸರಿಯಲ್ಲ’ ಎನ್ನುವುದು ತಿದ್ದುಪಡಿ. ಮೊದಲನೆಯದು ಪ್ರಜೆಯ ತಲೆಯನ್ನು ಬಗ್ಗಿಸುತ್ತದೆ. ಎರಡನೆಯದು ರಾಜ್ಯದ ತಲೆಯನ್ನು.

೫

ಬ್ರೌನ್ಸ್‌ವಿಲ್ಲಿನ ಸಿಪಾಯಿಗಳಿಗೆ ೧೯೪೬ರ ಕಾಯಿದೆಯಿಂದಲೂ ಪ್ರಯೋಜನವಾಗಲಿಲ್ಲ. ಅವರಲ್ಲಿ ಅನೇಕರು ಆಗಲೇ ಸತ್ತಿದ್ದರು. ಉಳಿದವರು ಎಲ್ಲೆಲ್ಲಿಯೋ ಚದರಿಹೋಗಿದ್ದರು. ೧೯೭೦ರಲ್ಲಿ ಜಾನ್ ವೀವರ್ ಎಂಬ ಗ್ರಂಥಕರ್ತನು ಹಳೆಯ ವಿಚಾರಣೆಯ ಸಂಪುಟಗಳನ್ನೆಲ್ಲ ಮತ್ತೆ ಓದಿ, ಈ ಸಿಪಾಯಿಗಳು ನಿರ್ದೋಷಿಗಳೆಂದು ವಾದಿಸಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಅದನ್ನು ಓದಿದ ಕ್ಯಾಲಿಫೋರ್ನಿಯದ ಪ್ರತಿನಿಧಿ ಆಗಸ್ಟಸ್ ಹಾಕಿನ್ಸನು ೧೯೭೧ರಲ್ಲಿ ಕಾಂಗ್ರೆಸ್ಸಿನಲ್ಲಿ ಮಸೂದೆಯನ್ನು ಮಂಡಿಸಿದನು. ೧೯೭೨ನೆಯ ಸೆಪ್ಟೆಂಬರ್ ೨೮ರಂದು ಸೈನ್ಯದ ಕಾರ್ಯದರ್ಶಿ ರಾಬರ್ಟ್ ಫ್ರೋಲ್ಕಿಯು ಆ ಬಿಡುಗಡೆಗಳನ್ನೆಲ್ಲ ಗೌರವಯುತವೆಂದು ಮಾರ್ಪಡಿಸುವಂತೆ ಆಜ್ಞೆ ಮಾಡಿದನು. ಬಾಕಿ ಸಂಬಳ ಮಾತ್ರ ಸಲ್ಲದೆಂದು ತೀರ್ಮಾನವಾಯಿತು. ಗುಂಡು ಹಾರಿಸಿದವರು ಯಾರೆಂಬುದನ್ನು ಈ ಆಜ್ಞೆಯು ನಿರ್ಣಯಿಸಲಿಲ್ಲ, ನಿರ್ಣಯಿಸಬೇಕಾಗಿಯೂ ಇರಲಿಲ್ಲ. ಯಾರ ಅಪರಾಧವೂ ಸ್ಥಾಪಿತವಾಗದಿರುವಾಗ ಎಲ್ಲರನ್ನೂ ಒಟ್ಟಿಗೆ ದಂಡಿಸಿದುದೇ ತಪ್ಪೆಂಬುದು ಅದರ ತಿರುಳು.

ಆಜ್ಞೆ ಹೊರಟಾಗ ಅದರ ಫಲವನ್ನು ಪಡೆಯಲು ಡಾರ್ಸಿ ವಿಲ್ಲಿಸ್ ಎಂಬ ಮುದುಕನೊಬ್ಬನು ಬದುಕಿದ್ದನು. ಇಪ್ಪತ್ತು ವರ್ಷದ ತರುಣನಾಗಿ ವಜಾ ಆದ ಇವನು ಮಿನಿಯಾಪೊಲಿಸ್ ನಗರದ ಕ್ಷೌರದಂಗಡಿಯಲ್ಲಿ ಐವತ್ತೊಂಬತ್ತು ವರ್ಷ ಕಸಗುಡಿಸಿ ಬೂಟುಗಳಿಗೆ ಪಾಲಿಷ್ ಹಾಕಿ ಜೀವಿಸಿದ್ದನು. ಆ ಬಿಡುಗಡೆಯ ಪತ್ರವೇ ತನ್ನನ್ನು ಮೇಲಕ್ಕೇಳಲು ಬಿಡಲಿಲ್ಲವೆಂದು ಅವನು ಹೇಳುತ್ತಿದ್ದನು. ೧೯೭೩ನೆಯ ಫೆಬ್ರವರಿ ೧೧ರಂದು, ಅವನ ಎಂಬತ್ತೇಳನೆಯ ಹುಟ್ಟುಹಬ್ಬದ ದಿನ, ಸೈನ್ಯಾಧಿಕಾರಿಗಳು ಬಂದು ಗೌರವಯುತ ಬಿಡುಗಡೆಯ ಪತ್ರವನ್ನು ಅವನ ಕೈಗೆ ಕೊಟ್ಟರು. ಅದೇ ವರ್ಷದ ಕಡೆಯಲ್ಲಿ ಕಾಂಗ್ರೆಸ್ಸು ಅವನಿಗೆ ೨೫,೦೦೦ ಡಾಲರುಗಳನ್ನೂ, ಸತ್ತವರ ಮರುಮದುವೆಯಾಗದ ವಿಧವೆಯರಿಗೆ ೧೦,೦೦೦ ಡಾಲರುಗಳನ್ನೂ ಮಂಜೂರು ಮಾಡಿತು. ವಿಲ್ಲಿಸನು ೧೯೭೭ರಲ್ಲಿ ತೀರಿಕೊಂಡನು.

ವಿಲ್ಲಿಸನ ಕಾಗದವು ಸರಿಯಾದ ಆ ೧೯೭೩ರಲ್ಲಿಯೇ ಇನ್ನೊಂದು ಅನರ್ಥವು ಸಂಭವಿಸಿತು. ಜುಲೈ ೧೨ರಂದು ಸೇಂಟ್ ಲೂಯಿ ನಗರದ ಬಳಿಯ ಸೈನಿಕ ದಾಖಲೆಗಳ ಭಂಡಾರಕ್ಕೆ ಬೆಂಕಿ ಬಿದ್ದು ೧ ಕೋಟಿ ೬೦ ಲಕ್ಷದಿಂದ ೧ ಕೋಟಿ ೮೦ ಲಕ್ಷ ಕಡತಗಳು ಸುಟ್ಟುಹೋದುವು. ೧೯೧೨ರ ನವೆಂಬರಿನಿಂದ ೧೯೬೦ರ ಜನವರಿಯವರೆಗೆ ಭೂಸೈನ್ಯದಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ಪಾಲು ನಾಶವಾದುವು. ಅವುಗಳಿಗೆ ಪ್ರತಿಯಾಗಲಿ, ಪೂರ್ಣವಾದ ಅನುಕ್ರಮಣಿಕೆಯಾಗಲಿ ಇರಲಿಲ್ಲ. ನೀರಿನಲ್ಲಿ ನೆನೆದು ಅಂಚು ಸುಟ್ಟ ಸುಮಾರು ೬೫ ಲಕ್ಷ ಕಡತಗಳನ್ನು ಒಣಗಿಸಿ ಉಳಿಸಿಕೊಂಡರು. ಉಳಿದವರ ಸೇವೆಯನ್ನು ಸಂಬಳದ ಚೀಟಿ, ದಿನದ ಹಾಜರಿಯ ವರದಿ, ಆಸ್ಪತ್ರೆಯ ಪುಸ್ತಕ ಮುಂತಾದವುಗಳಿಂದ ಚೂರುಚೂರಾಗಿ ಕೂಡಿಸಿ ಬರೆಯಬೇಕಾಯಿತು. ಹುಳು ತಿಂದ ಗರಿಗಳನ್ನು ಉದ್ಧರಣೆಗಳ ಸಹಾಯದಿಂದ ಪೂರ್ತಿಮಾಡುವ ಕೆಲಸಕ್ಕೂ ಇದಕ್ಕೂ ಹೆಚ್ಚು ಭೇದವಿಲ್ಲ. ಆದರೆ ಇಲ್ಲಿ ಒಂದು ಕ್ರೌರ್ಯವಿದೆ. ರುಜುವಾತಿನ ಭಾರವು ಅರ್ಜಿದಾರನ ಮೇಲಿದೆ. ರುಜುವಾತಿನ ಕಾಗದವಾದರೋ ಸರ್ಕಾರದ ವಶದಲ್ಲಿರುವಾಗ ಸುಟ್ಟುಹೋಗಿದೆ.

ತಿದ್ದುಪಡಿಯು ತಡವಾಗಿ ಬರುವುದೇ ಈ ಇತಿಹಾಸದಲ್ಲಿ ರೂಢಿಯೆಂಬಂತೆ ತೋರುತ್ತದೆ. ೧೯೪೪ರಲ್ಲಿ ಸಿಯಾಟಲ್ ನಗರದ ಲಾಟನ್ ಕೋಟೆಯಲ್ಲಿ ನಡೆದ ಗಲಭೆಗಾಗಿ ಇಪ್ಪತ್ತೆಂಟು ಮಂದಿ ಕಪ್ಪು ಸೈನಿಕರು ಶಿಕ್ಷೆಗೊಳಗಾದರು. ಮುಖ್ಯವಾದ ತನಿಖೆಯ ವರದಿಯನ್ನು ಆಗ ಪ್ರತಿವಾದಿಗಳಿಗೆ ತೋರಿಸಿಯೇ ಇರಲಿಲ್ಲ. ಆದುದರಿಂದ ೨೦೦೭ರಲ್ಲಿ ತಿದ್ದುಪಡಿಯ ಮಂಡಲಿಯು ಆ ವಿಚಾರಣೆಯನ್ನು ಅನ್ಯಾಯವಾದುದೆಂದು ಹೇಳಿತು. ಅರ್ಜಿದಾರರಲ್ಲೊಬ್ಬನಾದ ಸ್ಯಾಮ್ಯುಯೆಲ್ ಸ್ನೋ ಎಂಬವನು ೨೦೦೮ರ ಜುಲೈಯಲ್ಲಿ ಗೌರವಸಮಾರಂಭಕ್ಕೆಂದು ಸಿಯಾಟಲಿಗೆ ಬಂದು, ಸಮಾರಂಭ ಮುಗಿದ ಕೆಲವು ಗಂಟೆಗಳಲ್ಲಿ ಪ್ರಾಣ ಬಿಟ್ಟನು. ೧೯೧೭ರ ಹ್ಯೂಸ್ಟನ್ ಪ್ರಕರಣದಲ್ಲಿ ಶಿಕ್ಷೆ ಹೊಂದಿದ ೧೧೦ ಮಂದಿಯ ತೀರ್ಪುಗಳು ೨೦೨೩ರ ನವೆಂಬರಿನಲ್ಲಿ ರದ್ದಾದುವು. ಅವರಲ್ಲಿ ಹತ್ತೊಂಬತ್ತು ಮಂದಿ ನೂರು ವರ್ಷಕ್ಕೂ ಹಿಂದೆಯೇ ಗಲ್ಲಿಗೇರಿದ್ದರು.

ಹಾಗಾದರೆ ಸತ್ತವರ ದಾಖಲೆಯನ್ನು ತಿದ್ದುವುದರಿಂದ ಪ್ರಯೋಜನವೇನೆಂಬ ಆಕ್ಷೇಪವು ಸಹಜ. ದಾಖಲೆಯು ಸಿಪಾಯಿಯ ಚರಿತ್ರೆ ಮಾತ್ರವಲ್ಲ. ಬರೆದವನ ಚರಿತ್ರೆಯೂ ಹೌದು. ಸುಳ್ಳಾದ ವಾಕ್ಯವನ್ನು ತಿಳಿದೂ ತಿದ್ದದೆ ಇಟ್ಟುಕೊಂಡವನು ಅದನ್ನು ಪ್ರತಿದಿನವೂ ಹೊಸದಾಗಿ ಬರೆಯುತ್ತಿರುತ್ತಾನೆ. ಆದರೆ ಇತಿಹಾಸಕಾರನ ದೃಷ್ಟಿಯಿಂದ ಒಂದು ಎಚ್ಚರಿಕೆಯೂ ಅವಶ್ಯಕ. ಒಳ್ಳೆಯ ಗ್ರಂಥಸಂಪಾದಕನು ಶುದ್ಧಪಾಠವನ್ನು ಮೇಲೆ ಕೊಟ್ಟು, ತಾನು ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ, ಅಳಿಸಿಹಾಕುವುದಿಲ್ಲ. ೧೯೦೬ರ ಆಜ್ಞೆಯೂ ಹಾಗೆಯೇ ಉಳಿಯಬೇಕು. ವಿಚಾರಣೆಯಿಲ್ಲದೆ ನೂರರವತ್ತೇಳು ಮಂದಿಯ ಮೌನವನ್ನೇ ಅಪರಾಧವೆಂದೆಣಿಸಿದ ಆ ಬರೆಹವು ಅಳಿಸಿಹೋದರೆ, ೧೯೭೨ರ ತಿದ್ದುಪಡಿಯು ಏನನ್ನು ತಿದ್ದಿತೆಂಬುದೇ ಮುಂದಿನವರಿಗೆ ತಿಳಿಯದೆ ಹೋಗುವುದು.